ಅಚ್ಚಿನ ಮೇಲಿನ ಭಾರ

ಕೋಲ್ಕತ್ತದ ಸದರ್ನ್ ಅವೆನ್ಯೂ ಬಿಟ್ಟು ರವೀಂದ್ರ ಸರೋವರವನ್ನು ಬಳಸಿ ಹೋದರೆ ಆಚೆ ದಡದಲ್ಲಿ ಬಜ್‌ಬಜ್ ಲೈನು ಸಿಗುತ್ತದೆ. ಅಲ್ಲಿ ಹೆಚ್ಚಾಗಿ ಓಡುವುದು ಲೋಕಲ್ ರೈಲು. ಮೋಟಾರು ಬೋಗಿಗಳ ಅಡಿಯಲ್ಲೇ ಇರುವುದರಿಂದ ಅದಕ್ಕೆ ಬೇರೆ ಎಂಜಿನ್ನೇ ಬೇಡ. ಎಂಜಿನ್ ಹುಚ್ಚು ಹತ್ತಿದವರು ಹೂಗ್ಲಿ ದಾಟಿ ಹೌರಾಕ್ಕೇ ಹೋಗಬೇಕು.

ಹೌರಾ ರಾಜಧಾನಿಗೆ ಕಟ್ಟುವುದು ಡಬ್ಲ್ಯುಎಪಿ-7. ಆರು ಅಚ್ಚು, 123 ಟನ್ ತೂಕ, 6,000 ಅಶ್ವಶಕ್ತಿಗೂ ಮಿಗಿಲು. ಮೋಟಾರಿಗೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಕನ್ವರ್ಟರಿನಲ್ಲಿ ಹಳೆಯ ಜಿಟಿಒ ಸ್ವಿಚ್ಚುಗಳಿರುವ ಎಂಜಿನ್ ಹೊರಡುವಾಗ ಪಕ್ಕದಲ್ಲಿ ನಿಂತವರಿಗೆ ಅದು ಒಂದೊಂದೇ ಸ್ವರ ಏರಿಸುವುದು ಕೇಳುತ್ತದೆ; ಹೊಸ ಐಜಿಬಿಟಿಯವು ಅಷ್ಟು ಹಾಡುವುದಿಲ್ಲ.

ಇಷ್ಟು ಬಲವಿದ್ದೂ ಡಬ್ಲ್ಯುಎಪಿ-7ರ ವೇಗದ ಮಿತಿ ಗಂಟೆಗೆ 140 ಕಿ.ಮೀ. ನಾಲ್ಕೇ ಅಚ್ಚಿನ, 78 ಟನ್ನಿನ, ಬಲವೂ ಕಡಿಮೆಯಿರುವ ಡಬ್ಲ್ಯುಎಪಿ-5 ಮಾತ್ರ 160 ಮುಟ್ಟುತ್ತದೆ.

ಗುಟ್ಟು ಇರುವುದು ಮೋಟಾರನ್ನು ಎಲ್ಲಿ ತೂಗಿಸಿದ್ದಾರೆ ಎಂಬುದರಲ್ಲಿ. ‘ಏಳ’ರಲ್ಲಿ ಮೋಟಾರಿನ ಒಂದು ಪಕ್ಕ ಅಚ್ಚಿನ ಮೇಲೆಯೇ ಕೂತಿದೆ, ನಡುವೆ ಸ್ಪ್ರಿಂಗ್ ಇಲ್ಲ. ಹಳಿಯ ಏರುತಗ್ಗು ಸಿಕ್ಕಾಗೆಲ್ಲ ಆ ಭಾರ ಸುತ್ತಿಗೆಯ ಪೆಟ್ಟಿನಂತೆ ಬೀಳುತ್ತದೆ. ವೇಗ ಹೆಚ್ಚಿದಷ್ಟೂ ಪೆಟ್ಟು ಜೋರು. ‘ಐದ’ರಲ್ಲಿ ಮೋಟಾರನ್ನು ಪೂರ್ತಿ ಮೇಲೆತ್ತಿ, ಸ್ಪ್ರಿಂಗಿನ ಮೇಲಿರುವ ಚೌಕಟ್ಟಿಗೆ ಬಿಗಿದಿದ್ದಾರೆ. ಚಕ್ರ ಕುಲುಕಿದರೂ ಮೋಟಾರು ಕುಲುಕದು. ನಡುವಿನ ಜೋಡಣೆ ಅಲ್ಪಸ್ವಲ್ಪ ಆಡಲು ಬಿಟ್ಟೇ ಚಕ್ರವನ್ನು ತಿರುಗಿಸುತ್ತದೆ. ಅಶ್ವಶಕ್ತಿಯನ್ನೇ ಕೊಂಡಾಡುವವರು ಒಮ್ಮೆ ಬಗ್ಗಿ ಎಂಜಿನ್ನಿನ ಅಡಿಯನ್ನೂ ನೋಡುವುದು ಒಳ್ಳೆಯದು.

ಹಳಿಯ ಪಾಡು ಏನಾಗುತ್ತದೆಂದು 1955ರಲ್ಲೇ ಫ್ರೆಂಚರಿಗೆ ಗೊತ್ತಾಗಿತ್ತು. ಆ ಮಾರ್ಚಿನಲ್ಲಿ ಅವರ ವಿದ್ಯುತ್ ಎಂಜಿನ್ನುಗಳು ಗಂಟೆಗೆ 331 ಕಿ.ಮೀ. ದಾಖಲೆ ಬರೆದವು, ಹಿಂದೆ ಹಳಿ ಸೊಟ್ಟಗಾಗಿ ಬಿದ್ದಿತ್ತು. ಎಂಜಿನ್ನುಗಳ ಆ ದಾಖಲೆಯನ್ನು 2006ರಲ್ಲಿ ಸೀಮೆನ್ಸ್ ಎಂಜಿನ್ 357 ಕಿ.ಮೀ. ವೇಗದಲ್ಲಿ ಓಡಿ ಮುರಿಯಿತು.

ಎಬಿಬಿಯಿಂದ ‘ಐದು’ ಭಾರತಕ್ಕೆ ಬಂದದ್ದು 1995ರಲ್ಲಿ. ಮುಂದೆ ಬಂಗಾಳದ ಚಿತ್ತರಂಜನ್ ಕಾರ್ಖಾನೆಯಲ್ಲೇ ತಯಾರಾಯಿತು. 2016ರಲ್ಲಿ ದೆಹಲಿ–ಆಗ್ರಾ ಗತಿಮಾನ್ ಎಕ್ಸ್‌ಪ್ರೆಸ್ಸನ್ನು 160ರಲ್ಲಿ ಎಳೆದದ್ದು ಇದೇ.

2023ರ ಡಿಸೆಂಬರ್ 30ರಂದು ಅದಕ್ಕೆ ಬೇರೆ ಬಗೆಯ ಸವಾರಿ ಸಿಕ್ಕಿತು: ಮಾಲ್ದಾ–ಬೆಂಗಳೂರು ಅಮೃತ್ ಭಾರತ್. 22 ಬೋಗಿಗಳಲ್ಲಿ ಎಸಿಯದು ಒಂದೂ ಇಲ್ಲ. ಬೆಂಗಳೂರಿಗೆ ದುಡಿಯಲು ಬರುವವರ ರೈಲು. ಎರಡು ತುದಿಗೂ ಒಂದೊಂದು ‘ಐದು’, ಎರಡನ್ನೂ ನಡೆಸುವುದು ಮುಂದಿನ ಕ್ಯಾಬಿನ ಲೋಕೊ ಪೈಲಟ್. ವೇಗದ ಮಿತಿ 130. ಲಾಭವಿರುವುದು ನಿಲ್ದಾಣ ಬಿಡುವಾಗ: ಮುಂದಿನದು ಎಳೆದು ಹಿಂದಿನದು ನೂಕಿದರೆ ರೈಲು ಬೇಗ ವೇಗ ಹಿಡಿಯುತ್ತದೆ, ಬೋಗಿಗಳ ನಡುವಿನ ಜಗ್ಗಾಟವೂ ತಗ್ಗುತ್ತದೆ.