ಮೈಕಿನ ಮುಂದೆ ಯಾರು?

ಬೈಯಪ್ಪನಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರು, ಮೋಟಾರು ಮಾಡುತ್ತಿದ್ದ ಎನ್.ಜಿ.ಇ.ಎಫ್. ಕಾರ್ಖಾನೆ 2002ರಲ್ಲಿ ಮುಚ್ಚಿತು. ಇಂಥ ಕಾರ್ಖಾನೆಗಳ ಜೊತೆಗೇ ಗೇಟ್ ಮೀಟಿಂಗ್ ಎಂಬ ಒಳ್ಳೆಯ ಶಾಲೆಯೂ ಮುಚ್ಚುತ್ತಾ ಬಂತು. ಶಿಫ್ಟು ಬಿಡುವ ಹೊತ್ತಲ್ಲಿ ಗೇಟಿನ ಮುಂದೆ ಮಾತಾಡುವವನಿಗೆ ಪುರುಸೊತ್ತೆಲ್ಲಿ? ಬಸ್ಸು ಬಂದರೆ ಜನ ಹೋದರು. ಎಷ್ಟು ಕೇಳಿದ್ದೇವೆ, ಆಡಳಿತ ಮಂಡಳಿ ಏನಂದಿದೆ, ನಾಳೆ ಏನು ಮಾಡೋದು, ಇಷ್ಟೇ ಹೇಳಬೇಕು. 1980ರ ಡಿಸೆಂಬರ್ 26ರಿಂದ 77 ದಿನ ಐ.ಟಿ.ಐ., ಎಚ್.ಎ.ಎಲ್., ಬಿ.ಇ.ಎಲ್., ಎಚ್.ಎಂ.ಟಿ. ಮೊದಲಾದ ಕಾರ್ಖಾನೆಗಳ ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಮುಷ್ಕರ ಹೂಡಿದರಲ್ಲ, ಅದರ ತಿರುಳು ಒಂದೇ ಸಾಲಿನದು: ಬಿ.ಎಚ್.ಇ.ಎಲ್.ಗೆ ಸಮನಾದ ಸಂಬಳ.

ಈಗಿನ ಸಮಾವೇಶ ನೋಡಿ. ಶಾಲು, ಹಾರ, ಹಣ್ಣಿನ ಬುಟ್ಟಿ. ಆಮೇಲೆ ಮುಖ್ಯ ಅತಿಥಿಗಳು ಎದ್ದು "ಬಂಡವಾಳಶಾಹಿಯ ಅಂತರ್ವಿರೋಧಗಳ ಪರಿಪ್ರೇಕ್ಷ್ಯದಲ್ಲಿ" ಅಂತ ಶುರು ಹಚ್ಚುತ್ತಾರೆ. ಮುಂದೆ ಕೂತ ಪೌರಕಾರ್ಮಿಕ ತಾಯಿ ಬೆಳಗಿನ ಜಾವವೇ ಎದ್ದು ಬೀದಿ ಗುಡಿಸಿ ಬಂದವರು. ಅವರ ಮನೆಮಾತು ತೆಲುಗು, ಪಕ್ಕದವರದು ತಮಿಳು. ಬೀದಿಯ ಕನ್ನಡ ಇಬ್ಬರಿಗೂ ಚೆನ್ನಾಗಿ ಬರುತ್ತೆ. ಈ ಪರಿಪ್ರೇಕ್ಷ್ಯ ಯಾರ ಮನೆಯ ಕನ್ನಡ? ವೇದ ಕಿವಿಗೆ ಬೀಳಬಾರದು ಎಂದವರನ್ನು ಬೈಯುವ ನಾವು, ಕಿವಿಗೆ ಬಿದ್ದರೂ ತಿಳಿಯದ ಮಾತಾಡಿದರೆ ಅದೂ ಪುರೋಹಿತಿಕೆಯೇ ಅಲ್ಲವೇ?

ನಮ್ಮ ತಕರಾರು ಅತಿಥಿಗಳಿಗಿಂತ ಕರೆದವರ ಮೇಲೆ ಹೆಚ್ಚು. ಪೇಪರಿನಲ್ಲಿ ಹೆಸರು ಬಂದವರನ್ನು ಹಿಡಿದು, ಹಿಂದಿನ ರಾತ್ರಿ ಫೋನು ಮಾಡಿ "ಏನಾದ್ರೂ ಮಾತಾಡಿ ಸಾರ್" ಅಂತಾರೆ. ಏನಾದ್ರೂ ಅಂದರೆ ಏನಾದ್ರೂನೇ ಬರೋದು! ಕೇಳುವವರು ಯಾರು, ಸಮಯ ಎಷ್ಟು, ಅವರನ್ನು ಕೊರೆಯುತ್ತಿರುವ ಪ್ರಶ್ನೆ ಯಾವುದು ಅಂತ ವಾರ ಮೊದಲೇ ಹೇಳಬಾರದೇ? ಇಬ್ಬರು ಕಾರ್ಮಿಕರ ಜೊತೆ ಟೀ ಕುಡಿಸಿ, ಅವರ ಸಂಬಳದ ಚೀಟಿ ಓದಿಸಬೇಕು. 2025ರ ನವೆಂಬರ್ 21ರಂದು ಜಾರಿಯಾದ ನಾಲ್ಕು ಕಾರ್ಮಿಕ ಸಂಹಿತೆಗಳನ್ನೇ ತಗೊಳ್ಳಿ. ಅವು ನುಂಗಿದ 29 ಕಾಯ್ದೆಗಳ ಪಟ್ಟಿ ಯಾರಿಗೆ ಬೇಕು? "ಮೊದಲು 100 ಜನರಿದ್ದ ಕಾರ್ಖಾನೆ ಮುಚ್ಚೋಕೂ ಸರ್ಕಾರದ ಅನುಮತಿ ಬೇಕಿತ್ತು. ಈಗ 300 ಜನ ಇದ್ದರೆ ಮಾತ್ರ. ನಿಮ್ಮಲ್ಲಿ ಎಷ್ಟು ಜನ ಇದ್ದೀರಿ?" ಇಷ್ಟು ಕೇಳಿದರೆ ಸಭೆಯೇ ಲೆಕ್ಕ ಹಾಕುತ್ತೆ.

ಪಿ.ಎಫ್. ಹಣ 58 ವರ್ಷದವರೆಗೆ ಪೂರ್ತಿ ಕೈಗೆ ಸಿಗೋಲ್ಲ ಎಂಬ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಾವ ಭಾಷಣಕಾರನಿಗೂ ಕಾಯದೆ ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ವಾಪಸು ಪಡೆಯಿತು. ಅಂಥವರಲ್ಲಿ ಒಬ್ಬರನ್ನು ಮುಖ್ಯ ಅತಿಥಿ ಮಾಡಲು ನಮ್ಮ ಸಂಘಟಕರಿಗೆ ಏನು ಅಡ್ಡಿ? ಕರೆದರೂ ವಂದನಾರ್ಪಣೆಗೆ ಕರೀತಾರೆ. ಅಷ್ಟೊತ್ತಿಗೆ ಜನ ಬಸ್ ಸ್ಟಾಪಿನಲ್ಲಿರ್ತಾರೆ.