ಬಿಳಲೇ ಕಂಬವಾಗುವ ಆಲ

1915ರಲ್ಲಿ ಮಸ್ಕಿಯ ಗುಡ್ಡದಲ್ಲಿ ಸಿಕ್ಕ ಶಾಸನ, ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನೆಂದರೆ ದೊರೆ ಅಶೋಕನೇ ಎಂದು ಖಚಿತಪಡಿಸಿತು. ದಾರಿಗಳ ಬದಿಗೆ ಆಲದ ಮರ ನೆಡಿಸಿದ್ದಾಗಿ ಆ ದೊರೆ ತನ್ನ ಸ್ತಂಭಶಾಸನವೊಂದರಲ್ಲಿ ಹೇಳಿಕೊಂಡಿದ್ದಾನೆ. ಮಸ್ಕಿಯ ಸುತ್ತಲಿನ ಸಿಂಧನೂರು, ಲಿಂಗಸುಗೂರಿನ ಬಿರುಬಿಸಿಲಲ್ಲಿ ನಡೆದವರಿಗೆ ಆ ನೆರಳಿನ ಬೆಲೆ ಗೊತ್ತು.

ಆಲ ಒಂದೇ ಕಾಂಡವನ್ನು ನಂಬಿ ಬದುಕುವುದಿಲ್ಲ. ಕೊಂಬೆಯಿಂದ ಇಳಿದ ಬಿಳಲು ನೆಲ ಮುಟ್ಟಿ, ಬಲಿತು, ತಾನೇ ಕಂಬವಾಗುತ್ತದೆ. ಬೆಂಗಳೂರು ಬಳಿಯ ದೊಡ್ಡ ಆಲದ ಮರದ ಮೂಲ ಕಾಂಡ ರೋಗಕ್ಕೆ ತುತ್ತಾಗಿ ಅಳಿದುಹೋಯಿತು. ಬಿಳಲುಗಳೇ ಇಂದು ಸುಮಾರು 3 ಎಕರೆ ಹಸಿರನ್ನು ಹೊತ್ತು ನಿಂತಿವೆ. ಕಷ್ಟ ಬರುವ ಮೊದಲೇ ಹತ್ತು ಕಡೆ ಬೇರೂರಬೇಕು, ಇದೇ ಅದು ಕಲಿಸುವ ಪಾಠ.

ರಸ್ತೆ ಅಗಲ ಮಾಡುವಾಗ ನಮ್ಮೂರಿನ ಹಳೆಯ ಆಲಗಳಿಗೆ ಕೊಡಲಿ ಹಾಕಬೇಡಿ. ಬೇರುಸಮೇತ ಬೇರೆಡೆ ನೆಟ್ಟು, ನೀರುಣಿಸಿ ಉಳಿಸಿಕೊಳ್ಳಿ.