ಉಳಿತಾಯದ ಸಮಾಲೋಚನೆಯಲ್ಲಿ ಕುಳಿತವರು ಯಾರು?

ವಿದ್ಯುತ್ ಉಳಿಸಿ ಎಂದು ಸರಕಾರ ನಮಗೆ ಹೇಳುತ್ತಲೇ ಬಂದಿದೆ. ದುಂದುಗಾರಿಕೆಯನ್ನು ತಪ್ಪೆಂದು ನಂಬಿರುವ ನಮಗೆ ಅದರಲ್ಲಿ ತಕರಾರಿಲ್ಲ. ನಮ್ಮ ಪ್ರಶ್ನೆ ಬೇರೆ. ಹೇಗೆ ಉಳಿಸಬೇಕೆಂದು ತೀರ್ಮಾನಿಸುವಾಗ ಯಾರ ಮಾತು ಕೇಳಲಾಗುತ್ತದೆ?

2001ರ ಇಂಧನ ಸಂರಕ್ಷಣಾ ಕಾಯ್ದೆಯಂತೆ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು. ಫ್ರಿಜ್ಜು, ಫ್ಯಾನುಗಳ ಮೇಲೆ ನಾವು ಕಾಣುವ ನಕ್ಷತ್ರಗಳ ಲೇಬಲ್ ಇದರದ್ದೇ. ಅದರ ಆಡಳಿತ ಮಂಡಳಿಯಲ್ಲಿ ಆಗ 20ರಿಂದ 26 ಸದಸ್ಯರು. ಉದ್ಯಮ, ಉಪಕರಣ ತಯಾರಕರು, ವಾಸ್ತುಶಿಲ್ಪಿಗಳು ಮತ್ತು ಬಳಕೆದಾರರು, ಇವರೆಲ್ಲರಿಗೂ ಸೇರಿ ಹೆಚ್ಚೆಂದರೆ ನಾಲ್ಕು ಸ್ಥಾನ. 2022ರ ತಿದ್ದುಪಡಿ ಮಂಡಳಿಯನ್ನು 31ರಿಂದ 37 ಸದಸ್ಯರವರೆಗೆ ಹಿಗ್ಗಿಸಿತು. ಇಲಾಖಾ ಕಾರ್ಯದರ್ಶಿಗಳು ಆರರಿಂದ ಹನ್ನೆರಡಾದರು, ಆ ನಾಲ್ಕು ಸ್ಥಾನ ಏಳಾಯಿತು. ಏಳರಲ್ಲಿ ಬಳಕೆದಾರರಿಗೆ ಇಂತಿಷ್ಟು ಎಂಬ ಖಾತರಿ ಮಾತ್ರ ಇಲ್ಲ. ಆರಿಸುವುದೂ ಕೇಂದ್ರ ಸರಕಾರವೇ.

ಇದರ ಫಲವನ್ನು ತಲೆಯ ಮೇಲೆ ತಿರುಗುವ ಫ್ಯಾನಿನಲ್ಲೇ ನೋಡಬಹುದು. ಸಾಮಾನ್ಯ ಫ್ಯಾನು ಸುಮಾರು 75 ವ್ಯಾಟ್ ಬಳಸಿದರೆ ಹೊಸ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. 2023ರ ಜನವರಿಯಿಂದ ಫ್ಯಾನುಗಳಿಗೂ ಲೇಬಲ್ ಕಡ್ಡಾಯ. ಆದರೆ ಬಾಡಿಗೆ ಮನೆಯಲ್ಲಿ ಫ್ಯಾನು ಮಾಲಕನದ್ದು, ಬಿಲ್ಲು ಬಾಡಿಗೆದಾರನದ್ದು. ಮಾಲಕ ಅಗ್ಗದ್ದನ್ನೇ ತೂಗುಹಾಕುತ್ತಾನೆ. ನಾಳೆ ಬಿಟ್ಟು ಹೋಗುವ ಮನೆಗೆ ಬಾಡಿಗೆದಾರ ದುಬಾರಿ ಫ್ಯಾನು ತರುವನೇ? ಕರ್ನಾಟಕದಲ್ಲಿ 2023ರಲ್ಲಿ ಬಂದ ಗೃಹಜ್ಯೋತಿ ಬಡವನ ಹೊರೆ ಇಳಿಸಿತು, ಒಳ್ಳೆಯದೇ. ಆದರೆ ಫ್ಯಾನು ನುಂಗುವ ವಿದ್ಯುತ್ತು ಕಡಿಮೆಯಾಗಲಿಲ್ಲ, ಬಿಲ್ಲು ಬೊಕ್ಕಸಕ್ಕೆ ವರ್ಗವಾಯಿತಷ್ಟೆ. ರೈತನ ಪಂಪ್‌ಸೆಟ್ಟಿನ ಕಥೆಯೂ ಇದೇ. ವೋಲ್ಟೇಜ್ ಏರಿಳಿತಕ್ಕೆ ಮೋಟಾರು ಸುಟ್ಟರೆ ಊರಿನ ರಿವೈಂಡಿಂಗ್ ಅಂಗಡಿಯೇ ಅವನಿಗೆ ಗತಿ, ನಕ್ಷತ್ರಗಳಲ್ಲ.

ಸರಕಾರಕ್ಕೆ ದಾರಿ ತಿಳಿಯದೆಂದಲ್ಲ. 2015ರ ಉಜಾಲಾ ಯೋಜನೆಯಲ್ಲಿ ಎಲ್‌ಇಡಿ ಬಲ್ಬುಗಳನ್ನು ಒಟ್ಟಾಗಿ ಖರೀದಿಸಲಾಯಿತು. 2014ರಲ್ಲಿ 310 ರೂಪಾಯಿಯಷ್ಟಿದ್ದ ಖರೀದಿ ದರ 2016ರ ವೇಳೆಗೆ 38ಕ್ಕೆ ಇಳಿಯಿತು. 36 ಕೋಟಿಗೂ ಹೆಚ್ಚು ಬಲ್ಬುಗಳು ಮನೆಮನೆ ತಲುಪಿದವು. ಅಲ್ಲಿ ಬಡವನಿಗೆ ಕೊಟ್ಟದ್ದು ಉಪದೇಶವಲ್ಲ, ಅವನ ಕೈಗೆಟಕುವ ಬೆಲೆ.

ಕುರ್‌ಆನಿನ ಒಂದು ಅಧ್ಯಾಯಕ್ಕೆ ‘ಶೂರಾ’ ಎಂದೇ ಹೆಸರು. ಶೂರಾ ಎಂದರೆ ಸಮಾಲೋಚನೆ. ಖಂದಕ್ ಯುದ್ಧದ ಸಂದರ್ಭದಲ್ಲಿ ಮದೀನಾವನ್ನು ಉಳಿಸಿದ ಕಂದಕದ ಸಲಹೆ ಬಂದದ್ದು ಕುಲದ ಹಿರಿಯರಿಂದಲ್ಲ, ಗುಲಾಮಗಿರಿಯ ಕಷ್ಟ ಉಂಡಿದ್ದ ಪರ್ಶಿಯಾದ ಸಲ್ಮಾನ್(ರ)ರಿಂದ. ಪ್ರವಾದಿ(ಸ) ಅದನ್ನು ಸ್ವೀಕರಿಸಿದರು. ಕೇಳಬೇಕಾದವರನ್ನು ಕೇಳದೆ ನಡೆಯುವ ಸಭೆ ಎಷ್ಟು ದೊಡ್ಡದಾದರೂ ಸಮಾಲೋಚನೆಯಾಗದು.

ಆದ್ದರಿಂದ ಮಂಡಳಿಯಲ್ಲಿ ಬಳಕೆದಾರರಿಗೆ, ಅವರಲ್ಲೂ ಬಾಡಿಗೆದಾರ, ರೈತ ಮತ್ತು ಮನೆವಾರ್ತೆ ನೋಡುವ ಮಹಿಳೆಗೆ, ಕಾಯ್ದೆಯೇ ಸ್ಥಾನ ಗೊತ್ತುಪಡಿಸಲಿ. ನಿಯಮಗಳ ಕರಡು ಕನ್ನಡದಲ್ಲೂ ಬರಲಿ. ಬಂದ ಸಲಹೆಗಳಲ್ಲಿ ಯಾವುದನ್ನು ಒಪ್ಪಿದರು, ಯಾವುದನ್ನು ಏಕೆ ಬಿಟ್ಟರು ಎಂಬುದನ್ನು ಜನರಿಗೆ ತಿಳಿಸಲಿ. ಉಳಿಸುವ ಹೊಣೆ ನಮ್ಮದಾದರೆ, ಹೇಳುವ ಹಕ್ಕೂ ನಮ್ಮದೇ ಅಲ್ಲವೇ?